ಓದುಗರ ಸ್ಪಂದನ: ಸೇನೆಯಲ್ಲಿ ಕಲಿತ ಶುಶ್ರೂಷೆಗೆ ಊರಿನಲ್ಲಿ ಮಾನ್ಯತೆ ಹೇಗೆ?

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಮಾಜಿ ಸೈನಿಕರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಬರೆದುಕೊಂಡಿದ್ದರು. ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿ, ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಹದಿನೇಳು ವರ್ಷ ದುಡಿದು, 37ನೆಯ ವಯಸ್ಸಿನಲ್ಲಿ ಪಿಂಚಣಿಯೊಂದಿಗೆ ಮನೆಗೆ ಬಂದಿರುವ ಅವರಿಗೆ, ಸಮೀಪದ ಖಾಸಗಿ ಆಸ್ಪತ್ರೆಯೊಂದು 'ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ ಇಲ್ಲದವರಿಗೆ ವಾರ್ಡ್‌ಬಾಯ್ ಸಂಬಳ ಮಾತ್ರ' ಎಂದು ಹೇಳಿ ಕಳುಹಿಸಿತ್ತು. ಊರಿನವರು ಮಾತ್ರ ಅವರನ್ನು 'ಮಿಲಿಟರಿ ಡಾಕ್ಟರ್' ಎಂದೇ ಕರೆಯುತ್ತಿದ್ದು, ಕ್ಲಿನಿಕ್ ತೆರೆಯಿರೆಂದು ಒತ್ತಾಯಿಸುತ್ತಿದ್ದಾರೆ. ನಮಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಪ್ರಕಟಿಸುತ್ತಿದ್ದೇವೆ.

*

ಮಾನ್ಯರೇ, ನಾನೂ ಅದೇ ದಳದಲ್ಲಿ ಸುಬೇದಾರನಾಗಿ ನಿವೃತ್ತನಾದವನು. ಆಸ್ಪತ್ರೆಗಳ ಬಾಗಿಲು ತಟ್ಟುವುದಕ್ಕೆ ಮೊದಲು ನಿಮ್ಮ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ನಮ್ಮಲ್ಲಿ ಹೆಚ್ಚಿನವರು ಡಿಸ್ಚಾರ್ಜ್ ಬುಕ್ ಒಂದನ್ನೇ ಎಲ್ಲದಕ್ಕೂ ಆಧಾರವೆಂದು ಹಿಡಿದುಕೊಂಡು ತಿರುಗುತ್ತೇವೆ. ಅದರಲ್ಲಿ ನಿಮ್ಮ ಟ್ರೇಡ್, ದರ್ಜೆ ಮತ್ತು ಸೇವಾವಧಿ ಇರುತ್ತವೆಯೇ ಹೊರತು, ನೀವು ಏನನ್ನು ಕಲಿತಿರಿ, ಯಾವ ವಾರ್ಡಿನಲ್ಲಿ ಏನು ಮಾಡಿದಿರಿ ಎಂಬ ವಿವರ ಇರುವುದಿಲ್ಲ. ಮೂರನೆಯ ದರ್ಜೆಯಿಂದ ಒಂದನೆಯ ದರ್ಜೆಯವರೆಗೆ ನೀವು ತೇರ್ಗಡೆಯಾದ ಪ್ರತಿಯೊಂದು ಕೋರ್ಸಿನ ಪ್ರಮಾಣಪತ್ರ ನಿಮ್ಮಲ್ಲಿದೆಯೇ ಎಂದು ನೋಡಿಕೊಳ್ಳಿ. ಇಲ್ಲವಾದರೆ ಲಖನೌದಲ್ಲಿರುವ ನಮ್ಮ ದಳದ ದಾಖಲೆ ಕಚೇರಿಗೆ ಸೇನಾ ಸಂಖ್ಯೆಯನ್ನು ನಮೂದಿಸಿ ಅರ್ಜಿ ಬರೆಯಿರಿ. ಕೋರ್ಸಿನ ಪಠ್ಯವಿಷಯಗಳು ಮತ್ತು ತರಬೇತಿಯ ಅವಧಿಯನ್ನು ತೋರಿಸುವ ವಿವರಪಟ್ಟಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ. ಕೊನೆಯದಾಗಿ ಕೆಲಸ ಮಾಡಿದ ಸೇನಾ ಆಸ್ಪತ್ರೆಯಿಂದ ಅನುಭವ ಪತ್ರವನ್ನು, ಸಾಧ್ಯವಾದರೆ ವಿಭಾಗವಾರು ಬರೆಸಿಕೊಳ್ಳಿ. ನಿಮ್ಮನ್ನು ಬಲ್ಲ ಅಧಿಕಾರಿಗಳು ವರ್ಗವಾಗಿ ಹೋಗುವ ಮುನ್ನ ಈ ಕೆಲಸವಾದರೆ ಒಳ್ಳೆಯದು.

ಇನ್ನು ನಮ್ಮ ಪ್ರಮಾಣಪತ್ರವನ್ನು ಎಲ್ಲಿಯೂ ಕೇಳುವವರಿಲ್ಲವೆಂಬ ನಿಮ್ಮ ಮಾತು ಪೂರ್ತಿ ನಿಜವಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ 2003ರಲ್ಲಿ ಆರಂಭವಾಯಿತು. ಅದರ ಪಾಲಿಕ್ಲಿನಿಕ್‌ಗಳಿಗೆ ನರ್ಸಿಂಗ್ ಅಸಿಸ್ಟೆಂಟರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುವಾಗ ಪ್ರಕಟಿಸುವ ಅರ್ಹತೆಯಲ್ಲಿ ಜಿಎನ್‌ಎಂ ಡಿಪ್ಲೊಮಾದ (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಆರೈಕೆಯ ಕೋರ್ಸು) ಪಕ್ಕದಲ್ಲಿಯೇ 'ಅಥವಾ ಸಶಸ್ತ್ರ ಪಡೆಗಳ ಒಂದನೆಯ ದರ್ಜೆಯ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್' ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಪ್ರಯೋಗಾಲಯ ತಂತ್ರಜ್ಞರು ಮತ್ತು ಫಿಸಿಯೊಥೆರಪಿಸ್ಟರ ಹುದ್ದೆಗಳಿಗೂ ಇದೇ ಬಗೆಯ ಅವಕಾಶವಿದೆ. ಸಂಬಳ ಬಹಳವೇನಿಲ್ಲ, ಗುತ್ತಿಗೆಯನ್ನು ಆಗಾಗ ನವೀಕರಿಸಬೇಕು, ಪಾಲಿಕ್ಲಿನಿಕ್ ಇರುವ ಊರಿಗೆ ಹೋಗಿ ಇರಬೇಕಾಗಬಹುದು. ಆದರೂ ನಿಮ್ಮ ತರಬೇತಿಯನ್ನು ಯಾವ ರಿಯಾಯಿತಿಯೂ ಇಲ್ಲದೆ ಪೂರ್ಣ ಅರ್ಹತೆಯೆಂದು ಒಪ್ಪುವ ಜಾಗ ಅದು.

ಸೇವೆಯ ಕೊನೆಯ ಅವಧಿಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯದ ಕೋರ್ಸಿಗೆ ಹೆಸರು ಕೊಟ್ಟಿದ್ದರೆ ಒಂದು ನಾಗರಿಕ ಪ್ರಮಾಣಪತ್ರ ಆಗಲೇ ಕೈಸೇರುತ್ತಿತ್ತು. ನಿಮ್ಮ ಪತ್ರದಲ್ಲಿ ಆ ಮಾತಿಲ್ಲವಾದ್ದರಿಂದ ಅದು ತಪ್ಪಿಹೋಗಿದೆಯೆಂದು ಭಾವಿಸುತ್ತೇನೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಉದ್ಯೋಗಕ್ಕಾಗಿ ಹೆಸರು ನೋಂದಾಯಿಸುವುದನ್ನಾದರೂ ಬಿಡಬೇಡಿ. 2022ರಲ್ಲಿ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿದಾಗ, ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರರ ಸೇನಾ ತರಬೇತಿಗೆ ಇಗ್ನೊ ಮುಕ್ತ ವಿಶ್ವವಿದ್ಯಾಲಯದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಕೊಡುವ ವ್ಯವಸ್ಥೆಯನ್ನೂ ಜೊತೆಯಲ್ಲಿಯೇ ಮಾಡಿದರು. ನಾಲ್ಕು ವರ್ಷದವರಿಗೆ ಸಿಕ್ಕ ಈ ಅನುಕೂಲ ಹದಿನೇಳು ವರ್ಷ ದುಡಿದವರಿಗೆ ಏಕೆ ಸಿಗಬಾರದೆಂಬ ಕೊರಗು ನನಗೂ ಇದೆ.

– ನಿವೃತ್ತ ಸುಬೇದಾರ್, ಸಿಂಧನೂರು

*

ನಾನು ಬಳ್ಳಾರಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು. ಖಾಸಗಿ ಆಸ್ಪತ್ರೆಯವರು ನಿಮ್ಮೊಡನೆ ಮಾತಾಡಿದ ರೀತಿ ಒರಟಾಗಿತ್ತು, ಆದರೆ ನೋಂದಣಿಯ ವಿಷಯದಲ್ಲಿ ಅವರು ಹೇಳಿದ್ದು ಸರಿ. ನರ್ಸ್ ಎಂಬ ಹೆಸರಿನಲ್ಲಿ ಕೆಲಸ ಮಾಡಬೇಕಾದರೆ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಪ್ರಸೂತಿ ಆರೈಕೆಯ ಕೋರ್ಸು), ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ರಾಜ್ಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನಿಮ್ಮ ಕೌಶಲ ಕಡಿಮೆಯೆಂದು ಈ ನಿಯಮ ಹೇಳುವುದಿಲ್ಲ. ರಕ್ತಸ್ರಾವ ತಡೆಯುವುದು, ಮೂಳೆ ಮುರಿದವರನ್ನು ಅಲುಗಾಡದಂತೆ ಸಾಗಿಸುವುದು, ಕೈಗೆ ಸಿಕ್ಕ ರಕ್ತನಾಳಕ್ಕೆ ಕತ್ತಲಲ್ಲಿಯೂ ಕ್ಯಾನ್ಯುಲಾ ಹಾಕುವುದು ಇವುಗಳಲ್ಲಿ ನೀವು ನಮ್ಮ ಅಂತಿಮ ವರ್ಷದ ವಿದ್ಯಾರ್ಥಿಗಳಿಗಿಂತ ಬಹಳ ಮುಂದಿರುತ್ತೀರಿ. ಆದರೆ ಮೂರು ವರ್ಷದ ಜಿಎನ್‌ಎಂನಲ್ಲಿ ಹೆರಿಗೆ, ನವಜಾತ ಶಿಶುವಿನ ಆರೈಕೆ, ಮಕ್ಕಳ ಶುಶ್ರೂಷೆ, ಸಮುದಾಯ ಆರೋಗ್ಯ ಇವುಗಳಿಗೆ ಮೀಸಲಾದ ಪಾಠ ಮತ್ತು ಪ್ರಾಯೋಗಿಕ ಗಂಟೆಗಳು ದೊಡ್ಡ ಪಾಲು. ಹೆಚ್ಚಾಗಿ ಆರೋಗ್ಯವಂತ ಯುವಕರ ನಡುವೆ ಕೆಲಸ ಮಾಡುವ ನಿಮ್ಮ ತರಬೇತಿಯಲ್ಲಿ ಆ ಭಾಗ ತೆಳುವಾಗಿರುವುದು ಸಹಜ. ನಮ್ಮ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಾತ್ರಿ ಹೊತ್ತು ಬರುವವರಲ್ಲಿ ಹೆರಿಗೆಯ ಹೆಣ್ಣುಮಕ್ಕಳೇ ಹೆಚ್ಚು ಎಂಬುದನ್ನು ನೀವೂ ಬಲ್ಲಿರಿ.

ಹಾಗಾದರೆ ಈಗ ಜಿಎನ್‌ಎಂ ಸೇರಬಹುದೇ? ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರವೇಶ ಷರತ್ತುಗಳಲ್ಲಿ 35 ವರ್ಷದ ಮಿತಿ ಬಹುಕಾಲದಿಂದ ಇದೆ. ಎಎನ್‌ಎಂ ಓದಿ ಬಂದವರಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಆದ್ದರಿಂದ 37 ದಾಟಿದ ನಿಮಗೆ ಆ ದಾರಿ ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ. ಅದರ ಬದಲು ಅರೆವೈದ್ಯಕೀಯ ಡಿಪ್ಲೊಮಾವನ್ನು ಗಂಭೀರವಾಗಿ ಪರಿಶೀಲಿಸಿ. ಕರ್ನಾಟಕ ಅರೆವೈದ್ಯಕೀಯ ಮಂಡಳಿಯ ಕೋರ್ಸುಗಳು ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷ, ವಿಜ್ಞಾನ ಪಿಯುಸಿಯ ನಂತರ ಎರಡು ವರ್ಷ. ಸೇನಾ ಆಸ್ಪತ್ರೆಯಲ್ಲಿ ಬಹುಕಾಲ ಆಪರೇಷನ್ ಥಿಯೇಟರಿನಲ್ಲಿಯೇ ಇದ್ದೆನೆಂದು ಬರೆದಿದ್ದೀರಲ್ಲವೇ, ಥಿಯೇಟರ್ ತಂತ್ರಜ್ಞರ ಡಿಪ್ಲೊಮಾದಲ್ಲಿ ಅರ್ಧಕ್ಕರ್ಧ ವಿಷಯ ನಿಮಗೆ ಕರತಲಾಮಲಕವಾಗಿರುತ್ತದೆ. ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ 2021ರಲ್ಲಿ ಬಂದ ಮೇಲೆ ಥಿಯೇಟರ್ ತಂತ್ರಜ್ಞರು, ತುರ್ತು ವೈದ್ಯಕೀಯ ತಂತ್ರಜ್ಞರು ಮುಂತಾದವರೂ ನರ್ಸುಗಳಂತೆ ನೋಂದಣಿಗೆ ಒಳಪಡುವ ವೃತ್ತಿಯವರಾಗಿದ್ದಾರೆ. ಹಾಗಾಗಿ ಈ ಡಿಪ್ಲೊಮಾದ ಬೆಲೆ ಮುಂದೆ ಇಳಿಯುವ ಸಂಭವ ಕಡಿಮೆ.

ಎರಡು ವರ್ಷ ಕೂತು ಓದಲು ಮನೆಯ ಪರಿಸ್ಥಿತಿ ಒಪ್ಪದಿದ್ದರೆ, ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯವರು 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ವ್ಯವಸ್ಥೆಯಲ್ಲಿ, ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುತ್ತಾರೆ. ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಹುದ್ದೆಯ ಪ್ರಮಾಣಪತ್ರ ನಿಮ್ಮ ಅನುಭವಕ್ಕೆ ತೀರಾ ಚಿಕ್ಕದು, ಅದಕ್ಕೆ ಒಪ್ಪಬೇಡಿ. ತುರ್ತು ವೈದ್ಯಕೀಯ ತಂತ್ರಜ್ಞರ ಮಟ್ಟದ್ದನ್ನೇ ಕೇಳಿ. ಅದರಿಂದ ನೀವು ನರ್ಸ್ ಆಗುವುದಿಲ್ಲ, ಆದರೆ ನೀವು ಏನನ್ನು ಬಲ್ಲಿರಿ ಎಂದು ಹೇಳುವ ಒಂದು ನಾಗರಿಕ ಕಾಗದ ಕೈಯಲ್ಲಿರುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. 'ತರಗತಿಗೆ ಬರಬೇಕಿಲ್ಲ, ಪರೀಕ್ಷೆಯ ದಿನ ಬಂದರೆ ಸಾಕು, ಬೇರೆ ರಾಜ್ಯದ ಜಿಎನ್‌ಎಂ ಕೊಡಿಸುತ್ತೇವೆ' ಎನ್ನುವವರು ನಮ್ಮ ಭಾಗದಲ್ಲಿ ಇದ್ದಾರೆ. ಪಿಂಚಣಿಯ ಇಡಿಗಂಟು ಕೈಯಲ್ಲಿರುವ ಮಾಜಿ ಸೈನಿಕರನ್ನು ಇಂಥವರು ಹುಡುಕಿಕೊಂಡು ಬರುತ್ತಾರೆ. ಅಂಥ ಕಾಗದ ನೋಂದಣಿಯ ಪರಿಶೀಲನೆಯಲ್ಲಿ ಬಿದ್ದರೆ ಹೋಗುವುದು ಹಣವೊಂದೇ ಅಲ್ಲ, ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ.

– ನರ್ಸಿಂಗ್ ಉಪನ್ಯಾಸಕಿ, ಬಳ್ಳಾರಿ

*

ಆಸ್ಪತ್ರೆಯ ಹೊರಗೂ ನಿಮಗೆ ಕೆಲಸವಿದೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ತೋರಣಗಲ್ಲಿನ ಉಕ್ಕು, ಗಿಣಿಗೇರಿ ಸುತ್ತಲಿನ ಕಬ್ಬಿಣ ಕಾರ್ಖಾನೆಗಳು, ಕುಡತಿನಿ ಮತ್ತು ಶಕ್ತಿನಗರದ ಶಾಖೋತ್ಪನ್ನ ಸ್ಥಾವರಗಳು, ದೋಣಿಮಲೈ ಗಣಿ, ಹಟ್ಟಿಯ ಚಿನ್ನದ ಗಣಿ, ಇವೆಲ್ಲ ನಮ್ಮ ಮೂರು ಜಿಲ್ಲೆಗಳಲ್ಲಿಯೇ ಇವೆ. 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೊಠಡಿ ಇರಲೇಬೇಕು. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಗಳ ಔದ್ಯೋಗಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರು ಮತ್ತು ನರ್ಸ್ ಅಲ್ಲದೆ 'ಡ್ರೆಸರ್ ಕಮ್ ಕಂಪೌಂಡರ್' ಎಂಬ ಹುದ್ದೆಯೂ ಇರುತ್ತದೆ. ಹೆಸರು ಹಳೆಯ ಕಾಲದ್ದು, ಆದರೆ ಪಾಳಿಯ ಸಮಯದಲ್ಲಿ ಸುಟ್ಟ ಗಾಯದವನು ಮೊದಲು ಬಂದು ನಿಲ್ಲುವುದು ಆ ವ್ಯಕ್ತಿಯ ಮುಂದೆಯೇ. ಗಣಿಗಳಲ್ಲಿ ಪ್ರಥಮ ಚಿಕಿತ್ಸೆ ನೀಡುವವರಿಗೆ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಯ ಪ್ರಮಾಣಪತ್ರ ಬೇಕು. ಇಷ್ಟು ವರ್ಷ ಯುದ್ಧಗಾಯ ನೋಡಿದವನಿಗೆ ಪ್ರಥಮ ಚಿಕಿತ್ಸೆಯ ಪರೀಕ್ಷೆಯೇ ಎಂದು ಬೇಸರಿಸಬೇಡಿ. ಅದು ಚಿಕ್ಕ ಕೋರ್ಸು, ಖರ್ಚೂ ಹೆಚ್ಚಿಲ್ಲ, ಗಣಿಯ ಕಡತದಲ್ಲಿ ಲೆಕ್ಕಕ್ಕೆ ಬರುವುದು ಆ ಕಾಗದವೇ.

ಸುರಕ್ಷತಾ ವಿಭಾಗದಲ್ಲಿ ಇರುವವನಾದ್ದರಿಂದ ಮಾಜಿ ಸೈನಿಕರ ಅರ್ಜಿಗಳು ನನ್ನ ಮೇಜಿಗೂ ಬರುತ್ತವೆ. 'ಎಂಐ ರೂಮ್ ಡ್ಯೂಟಿ, ಫೀಲ್ಡ್ ಆಂಬ್ಯುಲೆನ್ಸ್, ಎಡಿಎಸ್' ಎಂದು ಮೂರು ಸಾಲು ಬರೆದು, ಕೆಳಗೆ ಪದಕಗಳ ಪಟ್ಟಿ ಕೊಟ್ಟಿರುತ್ತಾರೆ. ನೇಮಕಾತಿ ವಿಭಾಗದ ಹುಡುಗರಿಗೆ ಇದರಲ್ಲಿ ಒಂದಕ್ಷರವೂ ಅರ್ಥವಾಗುವುದಿಲ್ಲವಾಗಿ, ಆ ಅರ್ಜಿಗಳು ನೇರವಾಗಿ ಭದ್ರತಾ ಸಿಬ್ಬಂದಿಯ ಕಡತಕ್ಕೆ ಹೋಗುತ್ತವೆ. ಅದನ್ನೇ ಹೀಗೆ ಬರೆಯಬಹುದು: 'ಇಂತಿಷ್ಟು ಸಿಬ್ಬಂದಿಯಿದ್ದ ಘಟಕದ ಹೊರರೋಗಿ ಕೊಠಡಿಯನ್ನು ವೈದ್ಯಾಧಿಕಾರಿಯ ಅಡಿಯಲ್ಲಿ ನಡೆಸಿದ್ದೇನೆ. ಔಷಧ ದಾಸ್ತಾನು, ಅವಧಿ ಮುಗಿಯುವ ದಿನಾಂಕದ ತಪಾಸಣೆ, ಆಮ್ಲಜನಕ ಸಿಲಿಂಡರಿನ ನಿರ್ವಹಣೆ ಮತ್ತು ವಾರ್ಷಿಕ ವೈದ್ಯಕೀಯ ತಪಾಸಣೆಯ ದಾಖಲೆಗಳು ನನ್ನ ಹೊಣೆಯಾಗಿದ್ದವು. ಗಾಯಾಳುಗಳನ್ನು ವಾಹನದಲ್ಲಿ ಸಾಗಿಸುವಾಗ ಜೊತೆಗಿದ್ದು ಆರೈಕೆ ಮಾಡಿದ್ದೇನೆ.' ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿಯೂ ನಡೆಯುವ ಕೆಲಸ ಇದೇ. ವಾರ್ಷಿಕ ತಪಾಸಣೆಯ ದಾಖಲೆ ಇಡಬಲ್ಲೆನೆಂಬ ಒಂದು ಸಾಲು ಪದಕಗಳ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನೇರ ನೇಮಕಾತಿ ವಿರಳ, ಗುತ್ತಿಗೆದಾರ ಸಂಸ್ಥೆಯ ಮೂಲಕವೇ ಒಳಗೆ ಬರಬೇಕಾಗಬಹುದು ಎಂಬುದನ್ನು ಮಾತ್ರ ಮೊದಲೇ ತಿಳಿದಿರಿ.

– ಸುರಕ್ಷತಾಧಿಕಾರಿ, ಸಂಡೂರು ತಾಲ್ಲೂಕು

*

ಕ್ಲಿನಿಕ್ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ತೆರೆಯಬೇಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ನೋಂದಣಿಯಿಲ್ಲದೆ ಚಿಕಿತ್ಸಾಲಯ ನಡೆಸುವಂತಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಅದನ್ನು ಮುಚ್ಚಿಸಿ ಮೊಕದ್ದಮೆ ಹೂಡಬಹುದು. ವೈದ್ಯನಾಗಿ ನೋಂದಾಯಿಸಿಕೊಳ್ಳದವರು ಅಲೋಪಥಿ ಔಷಧ ಬರೆದುಕೊಡುವುದೂ ಅಪರಾಧವೇ. ನಮ್ಮ ಹಳ್ಳಿಗಳಲ್ಲಿ ಒತ್ತಾಯ ಎಲ್ಲಿಂದ ಆರಂಭವಾಗುತ್ತದೆಂದು ನನಗೆ ಗೊತ್ತು. ಔಷಧದಂಗಡಿಯಿಂದ ತಾವೇ ಸಲೈನ್ ಬಾಟಲಿ ಕೊಂಡು, ಚೀಲದಲ್ಲಿಟ್ಟುಕೊಂಡು ಮನೆಗೆ ಬಂದು, 'ಸುಸ್ತಾಗೇದ್ರಿ, ಒಂದು ಬಾಟ್ಲಿ ಏರಿಸಿಬಿಡ್ರಿ' ಎನ್ನುತ್ತಾರೆ. ಸೇನೆಯಲ್ಲಿ ನೀವು ಹಾಕಿದ ಪ್ರತಿ ಬಾಟಲಿಯ ಹಿಂದೆ ವೈದ್ಯಾಧಿಕಾರಿಯ ಸಹಿಯಿತ್ತು. ಇಲ್ಲಿ ಹೃದಯದ ತೊಂದರೆಯಿರುವ ಮುದುಕನೊಬ್ಬನ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ನಿಮ್ಮ ಹಿಂದೆ ಯಾರೂ ಇರುವುದಿಲ್ಲ. ರಕ್ತದೊತ್ತಡ ನೋಡಿ, ತಾಲ್ಲೂಕು ಆಸ್ಪತ್ರೆಗೆ ಹೋಗುವಂತೆ ಹೇಳಿ, ತೀರಾ ತುರ್ತಾದರೆ 108 ಬರುವವರೆಗೆ ಪ್ರಥಮ ಚಿಕಿತ್ಸೆ ನೀಡಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

– ವೈದ್ಯಾಧಿಕಾರಿ, ಲಿಂಗಸುಗೂರು

*

ಮೇಲಿನವರು ಏನು ಬರೆದಿರುತ್ತಾರೋ ನಾನರಿಯೆ, ಆದರೆ ವೈದ್ಯಕೀಯ ಕ್ಷೇತ್ರವನ್ನೇ ಹಿಡಿದುಕೊಂಡಿರಬೇಕೆಂಬ ಹಟವೇಕೆ ಎಂಬುದು ನನ್ನ ಪ್ರಶ್ನೆ. ನನ್ನ ಯಜಮಾನರೂ ಮಾಜಿ ಸೈನಿಕರು, ಈಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹದಿನೈದು ವರ್ಷ ಸೇವೆ ಮುಗಿಸಿದ ಮೆಟ್ರಿಕ್ ತೇರ್ಗಡೆಯ ಮಾಜಿ ಸೈನಿಕರನ್ನು, ಪದವಿ ಬೇಡುವ ಕೇಂದ್ರದ ಸಿ ಗುಂಪಿನ ಮೀಸಲು ಹುದ್ದೆಗಳಿಗೆ ಪರಿಗಣಿಸಬಹುದೆಂಬ ನಿಯಮವಿದೆ. ಆದರೆ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಬೇಡುವ ಹುದ್ದೆಗಳಿಗೆ ಅದು ಅನ್ವಯಿಸುವುದಿಲ್ಲ. ಎಂದರೆ ಆ ನಿಯಮ ನಿಮ್ಮನ್ನು ಸ್ಟಾಫ್ ನರ್ಸ್ ಮಾಡಲಾರದು, ಗುಮಾಸ್ತರನ್ನಾಗಿ ಮಾಡಬಹುದು. ರಾಜ್ಯದಲ್ಲಿ ದ್ವಿತೀಯ ದರ್ಜೆ ಸಹಾಯಕ ಮತ್ತು ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ನಿಮ್ಮ ಪಿಯುಸಿಯೇ ಸಾಕು. ಸೇವೆ ಸಲ್ಲಿಸಿದ ವರ್ಷಗಳಿಗೆ ಮತ್ತೆ ಮೂರು ವರ್ಷ ಸೇರಿಸಿ ವಯೋಮಿತಿ ಸಡಿಲಿಸುತ್ತಾರೆ, ಮಾಜಿ ಸೈನಿಕರಿಗೆ ಮೀಸಲಾತಿಯೂ ಇದೆ.

ಇದಕ್ಕೆ ಸಂವಿಧಾನದ 371 ಜೆ ವಿಧಿ ಸೇರಿದರೆ ನಿಮ್ಮ ಸ್ಥಾನ ಇನ್ನೂ ಗಟ್ಟಿಯಾಗುತ್ತದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಸಿ ಗುಂಪಿನ ನೂರಕ್ಕೆ 80 ಹುದ್ದೆಗಳು ಸ್ಥಳೀಯರಿಗೆ ಮೀಸಲು. ಹದಿನೇಳು ವರ್ಷ ಹೊರಗಿದ್ದೆ, ನನಗೆ ಸ್ಥಳೀಯನೆಂಬ ಪತ್ರ ಸಿಗುವುದೇ ಎಂಬ ಅನುಮಾನ ನಿಮಗಿರಬಹುದು. ಇಲ್ಲಿ ಹುಟ್ಟಿದವರಿಗೆ ಆ ಹಕ್ಕಿದೆ, ಸೇನೆಯಲ್ಲಿದ್ದ ವರ್ಷಗಳಿಂದ ಅದು ಕಳೆದುಹೋಗುವುದಿಲ್ಲ. ಜನ್ಮ ದಾಖಲೆ ಮತ್ತು ಶಾಲಾ ದಾಖಲೆಗಳೊಂದಿಗೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರವನ್ನು ಅಧಿಸೂಚನೆ ಬರುವುದಕ್ಕೆ ಮೊದಲೇ ಪಡೆದಿಟ್ಟುಕೊಳ್ಳಿ. ಪರೀಕ್ಷೆಗೆ ಓದುವ ತನಕ ಎಲ್ಲಿಯಾದರೂ ಗುತ್ತಿಗೆ ಕೆಲಸ ಸಿಕ್ಕರೆ ಹೋಗಿ. ಗುತ್ತಿಗೆಯಲ್ಲಿ ಇದ್ದವರಿಗೆ ಕೇಂದ್ರ ಸರ್ಕಾರದ ಮಾಜಿ ಸೈನಿಕ ಮೀಸಲಾತಿ ತಪ್ಪುವುದಿಲ್ಲ.

– ಗೃಹಿಣಿ, ಮಾನ್ವಿ