ಸಹಾಯ ಬೇಕು: ಮಿಯುರಾ ಪರಿವರ್ತನೆಯಲ್ಲಿ ವಾಪಸ್ ಬರುವುದು ಹೇಗೆ?

ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

1968ರ ಮಿಯುರಾ ಪರಿವರ್ತನೆ ಗೊತ್ತಲ್ವಾ? ಕೆಡಿವಿ (ಕೋರ್ಟೆವೆಗ್–ಡಿ ವ್ರೀಸ್) ಎಂದರೆ ಆಳವಿಲ್ಲದ ನೀರಿನ ಅಲೆಗಳ ಸಮೀಕರಣ. ಮಾರ್ಪಡಿಸಿದ ಕೆಡಿವಿ ಸಮೀಕರಣದ ಪರಿಹಾರ ‘ವಿ’. ಅದರ ವರ್ಗಕ್ಕೆ ಅದರದೇ ಎಕ್ಸ್-ಡೆರಿವೇಟಿವ್ ಕೂಡಿಸಿದರೆ ಕೆಡಿವಿಯ ಪರಿಹಾರ ‘ಯು’ ಸಿಗುತ್ತದೆ. (ಎರಡೂ ಸಮೀಕರಣಗಳಲ್ಲಿ 6 ಇರುವ ಪದಕ್ಕೆ ಮೈನಸ್ ಚಿಹ್ನೆ ಇಟ್ಟುಕೊಂಡಿದ್ದೇನೆ.) ಹೋಗುವ ದಾರಿ ಸಲೀಸು, ‘ಯು’ನಿಂದ ‘ವಿ’ಗೆ ವಾಪಸ್ ಬರುವುದೇ ಕಷ್ಟ.

ಆರಂಭದ ಕ್ಷಣದಲ್ಲಿ ಮೈನಸ್ 2 ಸೆಕ್‌ಎಚ್ ವರ್ಗ ಎಕ್ಸ್ ಎಂಬ ಒಂಟಿ ಸಾಲಿಟಾನನ್ನು (ಆಕಾರ ಕೆಡದೆ ಸಾಗುವ ಅಲೆಯನ್ನು) ‘ಯು’ ಎಂದು ತೆಗೆದುಕೊಂಡೆ. (ಸೆಕ್‌ಎಚ್, ಟ್ಯಾನ್‌ಎಚ್ ಎರಡೂ ಹೈಪರ್ಬಾಲಿಕ್ ಫಲನಗಳು.) ‘ಸೈ’ ಎಂಬ ಹೊಸ ಫಲನದ ಡೆರಿವೇಟಿವನ್ನು ‘ಸೈ’ಯಿಂದಲೇ ಭಾಗಿಸಿ ‘ವಿ’ ಎಂದು ಬರೆದರೆ ‘ಸೈ’ಗೆ ಕ್ವಾಂಟಮ್ ಭೌತಶಾಸ್ತ್ರದ ಶ್ರೋಡಿಂಗರ್ ಸಮೀಕರಣ ಬರುತ್ತದೆ. ಅದಕ್ಕೆ ಟ್ಯಾನ್‌ಎಚ್ ಎಕ್ಸ್ ಹೊಂದುತ್ತದೆ. ಆದರೆ ಎಕ್ಸ್ 0 ಆದಲ್ಲಿ ಅದೂ ಸೊನ್ನೆ, ‘ವಿ’ ಅನಂತಕ್ಕೆ ಹಾರಿತು!

ಸುಮ್ನೆ ‘ಯು’ಗೆ 1 ಕೂಡಿಸಿ ನೋಡಿದೆ. ಈಗ ‘ಸೈ’ ಎಂದರೆ ಸೆಕ್‌ಎಚ್ ಎಕ್ಸ್, ‘ವಿ’ ಎಂದರೆ ಮೈನಸ್ ಟ್ಯಾನ್‌ಎಚ್ ಎಕ್ಸ್. ಎಲ್ಲೂ ತಕರಾರಿಲ್ಲ. ಬಲಕ್ಕೆ 4ರ ವೇಗದಲ್ಲಿದ್ದ ಅಲೆ ಮಾತ್ರ ಎಡಕ್ಕೆ 2ರ ವೇಗದಲ್ಲಿ ಹೊರಟಿತು. ಅದು ಗೆಲಿಲಿಯೋ ಪರಿವರ್ತನೆಯ (ಸಮವೇಗದಲ್ಲಿ ಚಲಿಸುತ್ತಾ ನೋಡುವುದರ) ಆಟ, ಸರಿ. ಮಜಾ ಏನೆಂದರೆ, ‘ವಿ’ಯ ಚಿಹ್ನೆ ತಿರುಗಿಸಿದರೆ ‘ಯು’ ಬರೀ 1. ಸಾಲಿಟಾನ್ ಮಾಯ!

ಒಂದು ಪರಿಹಾರದಿಂದ ಇನ್ನೊಂದು ಪರಿಹಾರ ಕೊಡುವ ಬ್ಯಾಕ್‌ಲುಂಡ್ ಪರಿವರ್ತನೆ ಹುಟ್ಟುವುದು ಈ ಚಿಹ್ನೆಯ ಆಟದಿಂದಲೇನಾ? ಇದನ್ನೇ ಮತ್ತೊಮ್ಮೆ ಮಾಡಿ ಎರಡು ಸಾಲಿಟಾನ್ ಪಡೆಯಬೇಕಾದರೆ, ‘ವಿ’ ಮಧ್ಯೆ ಸಿಡಿಯದಂತೆ ‘ಸೈ’ ಆರಿಸುವುದು ಹೇಗೆ? ಪೂರ್ತಿ ಲೆಕ್ಕ ಬೇಡ, ಮೊದಲ ಹೆಜ್ಜೆ ತೋರಿಸಿದರೆ ಸಾಕು.