ಸೊಂಟದಿಂದ ಕಾಲಿಗೆ ಇಳಿಯುವ ನೋವು: ಅಡಿಕೆ ಸುಲಿಯುವವರ ಪ್ರಶ್ನೆಗೆ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ (ಬದಿಯಡ್ಕದಿಂದ): ಡಾಕ್ಟ್ರೇ, ನನಗೆ 44 ವರ್ಷ. ಅಡಿಕೆ ಸುಲಿಯುವ ಕೆಲಸ. ಒಂದು ತಿಂಗಳಿಂದ ಸೊಂಟ ಹಿಡಿದಿದೆ. ಈಗ ನೋವು ಎಡಗಾಲಿನ ಮೀನಖಂಡದವರೆಗೆ ಇಳಿಯುತ್ತಿದೆ, ಹೆಬ್ಬೆರಳು ಜೋಮು ಹಿಡಿಯುತ್ತದೆ. ಎಂಆರ್‌ಐ ತೆಗೆಸಿದೆವು, ಎಲ್4–ಎಲ್5 ಡಿಸ್ಕ್ (ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವಿನ ಮೆತ್ತೆ) ಉಬ್ಬಿದೆ ಅಂತ ಬಂದಿದೆ. ಅಲ್ಲಾಡದೆ ಮಲಗಿರು ಅಂತ ಮನೆಯವರು ಹೇಳುತ್ತಾರೆ. ಆಪರೇಷನ್ ಬೇಕಾಗುತ್ತದಾ?

ಉತ್ತರ: ಅಕ್ಕ, ಮೊದಲು ಕೆಲವು ವಿಷಯ ನೋಡಿಕೊಳ್ಳಿ. ಮೂತ್ರ ಹೋಗುವುದಕ್ಕೆ ಕಷ್ಟ ಆಗುತ್ತಿದೆಯಾ, ಅಥವಾ ಗೊತ್ತಾಗದೆ ಹೋಗುತ್ತಿದೆಯಾ? ಕುಳಿತುಕೊಳ್ಳುವ ಜಾಗದಲ್ಲಿ, ತೊಡೆ ಸಂದಿಯಲ್ಲಿ ಮುಟ್ಟಿದ್ದು ತಿಳಿಯುತ್ತಿಲ್ಲವಾ? ಎರಡೂ ಕಾಲು ಸೋಲುತ್ತಿವೆಯಾ? ಇದರಲ್ಲಿ ಒಂದಿದ್ದರೂ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ಮಂಗಳೂರಿಗೆ ಹೊರಡಿ. ಇನ್ನೊಂದು, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಪಾದ ಮೇಲೆತ್ತಲು ಆಗದಿದ್ದರೆ, ನಡೆಯುವಾಗ ಚಪ್ಪಲಿ ಕಳಚಿ ಹೋಗುತ್ತಿದ್ದರೆ, ತಡ ಮಾಡದೆ ಬೆನ್ನುಮೂಳೆಯ ಡಾಕ್ಟ್ರಿಗೆ ತೋರಿಸಿ.

ಇದ್ಯಾವುದೂ ಇಲ್ಲ ಅಂದರೆ ಅಷ್ಟು ಹೆದರಬೇಡಿ. ಎಂಆರ್‌ಐ ರಿಪೋರ್ಟ್ ಓದಿಯೇ ಅರ್ಧ ಕುಸಿದು ಹೋದವರನ್ನು ನಾನು ತುಂಬಾ ನೋಡಿದ್ದೇನೆ. ನೋವೇ ಇಲ್ಲದ 40 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧದಷ್ಟು ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ನಿಮ್ಮಲ್ಲಿ ಅದು ಕಾಲಿಗೆ ಹೋಗುವ ನರಕ್ಕೆ ತಾಗಿ ಕೆರಳಿಸಿರಬೇಕು. ಹೆಬ್ಬೆರಳಿನ ಜೋಮು ಆ ಮಟ್ಟದ ನರಕ್ಕೆ ಸರಿಯಾಗಿ ಹೊಂದುತ್ತದೆ. ಇಂಥ ನೋವು ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ.

ಮಲಗಿಯೇ ಇರುವುದು ಬೇಡ. ನೋವು ಜೋರಿದ್ದಾಗ ಒಂದೆರಡು ದಿನ ಆಗಾಗ ಮಲಗಿ, ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಮಾಂಸಖಂಡ ಸೋಲುತ್ತದೆ, ಎದ್ದಾಗ ನೋವು ಇನ್ನೂ ಹೆಚ್ಚು. ಅಂಗಳದಲ್ಲೇ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ನಡೆಯಿರಿ.

ಇನ್ನು ಸುಲಿಯುವ ಕೆಲಸ. ತಗ್ಗಿನ ಮಣೆಯಲ್ಲಿ ಕುಳಿತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಅಡಿಕೆ ರಾಶಿ ಪಕ್ಕದಲ್ಲಿ ನೆಲದ ಮೇಲೆ. ಒಂದೊಂದು ಅಡಿಕೆಗೂ ಬಾಗಿ, ತಿರುಗಿ, ಹೆಕ್ಕಬೇಕು. ದಿನಕ್ಕೆ ಎಷ್ಟು ಸಾವಿರ ಸಲ ಆಗುತ್ತದೆ, ನೀವೇ ಲೆಕ್ಕ ಹಾಕಿ. ಡಿಸ್ಕಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಹೀಗೆ ಬಾಗಿಕೊಂಡೇ ತಿರುಗುವುದು. ಹಾಗಾಗಿ ಎತ್ತರದ ಸ್ಟೂಲಿನಲ್ಲಿ ಕುಳಿತುಕೊಳ್ಳಿ, ಕತ್ತಿಯನ್ನೂ ಅಷ್ಟೇ ಎತ್ತರಿಸಿ ಗಟ್ಟಿಯಾಗಿ ಕೂರಿಸಿ. ರಾಶಿಯನ್ನು ಬೆಂಚಿನ ಮೇಲೆ ಬುಟ್ಟಿಯಲ್ಲಿಟ್ಟು, ಕೈ ಚಾಚಿದರೆ ಸಿಗುವ ಹಾಗೆ ಮುಂದಕ್ಕೆ ತನ್ನಿ. ಅರ್ಧ ಗಂಟೆಗೊಮ್ಮೆ ಎದ್ದು, ಎರಡೂ ಕೈ ಸೊಂಟದ ಮೇಲಿಟ್ಟು, ನಿಧಾನವಾಗಿ ಹಿಂದಕ್ಕೆ ಬಾಗಿ. ನೋವು ಬರಲಿ, ಆಮೇಲೆ ಏಳೋಣ ಅಂತ ಕಾಯಬಾರದು. ಬೆಳಿಗ್ಗೆ ಎದ್ದ ಕೂಡಲೇ ಅಂಗಳ ಗುಡಿಸುವುದು, ತುಂಬಿದ ಕೊಡ ಎತ್ತುವುದು ಬೇಡ. ರಾತ್ರಿ ಡಿಸ್ಕ್ ನೀರು ಹೀರಿಕೊಂಡು ಬಿಗಿಯಾಗಿರುತ್ತದೆ. ಒಂದು ಗಂಟೆ ಕಳೆಯಲಿ.

ಒಂದು ವ್ಯಾಯಾಮ ಮಾಡಿ ನೋಡಿ: ಚಾಪೆಯಲ್ಲಿ ಹೊಟ್ಟೆಯಡಿ ಮಲಗಿ, ಮೊಣಕೈ ಊರಿ, ಎದೆ ಎತ್ತಿ ಎರಡು ನಿಮಿಷ ಇರಿ. ಕಾಲಿನ ನೋವು ಎತ್ತ ಹೋಗುತ್ತದೆ ಅಂತ ಗಮನಿಸಿ ತಿಳಿಸಿ.

ಬದಿಯಡ್ಕದವರೇ ಮತ್ತೆ: ನಾಲ್ಕು ದಿನ ಮಾಡಿದೆ. ಮೀನಖಂಡದ ನೋವು ಕಡಿಮೆ ಆಗಿದೆ, ಆದರೆ ಸೊಂಟದಲ್ಲಿ ಸ್ವಲ್ಪ ಜಾಸ್ತಿ. ನಿಲ್ಲಿಸಲಾ? ನಮ್ಮಲ್ಲಿ ಉಳುಕು ತೆಗೆಯುವವರೊಬ್ಬರಿದ್ದಾರೆ, ಅವರಿಗೂ ತೋರಿಸಬಹುದಾ?

ಉತ್ತರ: ನಿಲ್ಲಿಸಬೇಡಿ ಅಕ್ಕ, ಇದು ಒಳ್ಳೆಯ ಸುದ್ದಿ! ಕಾಲಿನ ನೋವು ಮೇಲೆ ಹತ್ತಿ ಸೊಂಟಕ್ಕೆ ಬಂದರೆ ನರ ಬಿಡಿಸಿಕೊಳ್ಳುತ್ತಿದೆ ಅಂತ ತಿಳಿಯಿರಿ. ಕಾಲಿನಲ್ಲಿ ಇನ್ನೂ ಕೆಳಕ್ಕೆ ಇಳಿದರೆ ಮಾತ್ರ ಕೂಡಲೇ ಬಿಡಿ. ಉಳುಕು ತೆಗೆಸುವುದು ಖಂಡಿತ ಬೇಡ. ಕಾಲು ಜೋಮು ಹಿಡಿಯುವಾಗ ಬೆನ್ನು ತಿರುಚುವುದು, ಮೇಲೆ ಹತ್ತಿ ತುಳಿಯುವುದು ಅಪಾಯ. ಬಿಸಿನೀರಿನ ಚೀಲ ಇಟ್ಟುಕೊಳ್ಳಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು.

ಪ್ರಶ್ನೆ (ಕುಂಬಳೆಯಿಂದ): ಸೊಂಟನೋವಿಗೆ ಬೆಲ್ಟ್ ಕಟ್ಟಿಕೊಳ್ಳಬಹುದಾ?

ಉತ್ತರ: ದೂರದ ಬಸ್ ಪ್ರಯಾಣಕ್ಕೆ ಆದೀತು. ಇಡೀ ದಿನ ಬೇಡ.

ಪ್ರಶ್ನೆ (ಮಂಜೇಶ್ವರದಿಂದ): ಅಮ್ಮ ವರ್ಷಗಟ್ಟಲೆ ಬೀಡಿ ಕಟ್ಟಿದವರು. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತದೆ, ಕೈ ಕೊಡವಿದರೆ ಹೋಗುತ್ತದೆ. ಕುತ್ತಿಗೆಯ ನರ ಇರಬಹುದಾ?

ಉತ್ತರ: ಯಾವ ಬೆರಳು ಅಂತ ಅಮ್ಮನನ್ನು ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆಗಿದ್ದು ಕಿರುಬೆರಳು ಸರಿಯಿದ್ದರೆ, ಹೆಚ್ಚಾಗಿ ಮಣಿಕಟ್ಟಿನಲ್ಲೇ ನರ ಒತ್ತಿಹೋಗಿರುತ್ತದೆ. ಕೊಡವಿದರೆ ಹೋಗುತ್ತದೆ ಅಂದದ್ದೂ ಅದಕ್ಕೇ ಹೊಂದುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಮಣಿಕಟ್ಟು ನೇರವಾಗಿ ನಿಲ್ಲಿಸುವ ಪಟ್ಟಿ ಸಿಗುತ್ತದೆ. ಅದನ್ನು ರಾತ್ರಿ ಮಾತ್ರ ಕಟ್ಟಿ ಮಲಗಲಿ, ಆರು ವಾರ ನೋಡಿ. ಶುಗರ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅವೆರಡೂ ಇದಕ್ಕೆ ಕಾರಣ ಆಗುತ್ತವೆ. ಅಮ್ಮನ ಎರಡೂ ಅಂಗೈ ಪಕ್ಕಪಕ್ಕ ಇಟ್ಟು ನೋಡಿ. ಬಲಗೈ ಹೆಬ್ಬೆರಳ ಬುಡದ ಮಾಂಸ ಇಳಿದಿದ್ದರೆ, ಬೀಡಿಯ ನೂಲು ಸುತ್ತುವಾಗ ಹಿಡಿತ ತಪ್ಪುತ್ತಿದ್ದರೆ, ಪಟ್ಟಿ ಕಟ್ಟಿಕೊಂಡು ಕಾಯುವುದು ಬೇಡ. ಈ ವಾರವೇ ನರರೋಗದ ಡಾಕ್ಟ್ರಲ್ಲಿಗೆ ಕರೆದುಕೊಂಡು ಹೋಗಿ.