ಹಳೆ ಸಾಮಾನಿನ ಮೇಲೆ ಮಮತೆ ಇಲ್ಲ, ಅಪ್ಪ ಅಮ್ಮನ ಮನೆ ಖಾಲಿ ಮಾಡೋದು ಹೇಗೆ?

ಕೇಳಿದ್ದು:
ಮೈಸೂರಿನ ಸರಸ್ವತಿಪುರಂನಲ್ಲಿ ಅಪ್ಪ ಅಮ್ಮನ ಮನೆ. ಈಗ ಇಬ್ಬರೂ ಇಲ್ಲ. ಮೂರು ತಿಂಗಳಲ್ಲಿ ಖಾಲಿ ಮಾಡಿ ಬಾಡಿಗೆಗೆ ಕೊಡಬೇಕು. ಅಟ್ಟದ ತುಂಬ ಪಾತ್ರೆ, ಎರಡು ಬೀರು ಸೀರೆ, ಟ್ರಂಕಿನಲ್ಲಿ ಫೋಟೋ ಮತ್ತು ಕಾಗದ, ದಸರಾ ಬೊಂಬೆ. ಯಾವುದರ ಮೇಲೂ ನನಗೆ ಅಂಥ ಮಮತೆ ಇಲ್ಲ, ಮೊದಲಿಂದಲೂ ಹಾಗೇ. ಚಿಕ್ಕಮ್ಮ ಕಲ್ಲು ಮನಸ್ಸು ಅಂತಾರೆ. ಗುಜರಿಯವರನ್ನು ಕರೆಸಿ ಒಂದೇ ದಿನದಲ್ಲಿ ಮುಗಿಸೋಣ ಅಂತಿದ್ದೀನಿ. ತಂಗಿ ಮಂಡ್ಯದಲ್ಲಿದ್ದಾಳೆ. ತಿಳಿದವರು ಹೇಳಿ.

ಒಂದನೇ ಉತ್ತರ:
ಮಮತೆ ಇಲ್ಲದಿರೋದು ಕಾಯಿಲೆಯಲ್ಲ. ಮನೆ ಖಾಲಿ ಮಾಡೋಕೆ ನಿಮ್ಮಂಥವರೇ ಸರಿ. ಒಂದೊಂದು ಲೋಟ ಹಿಡ್ಕೊಂಡು ಅರ್ಧ ಗಂಟೆ ಕೂರೋರ ಕೈಲಿ ಈ ಕೆಲಸ ಮುಗಿಯಲ್ಲ. ಆದರೆ ನಿಮ್ಮಂಥವರು ಎಡವೋದು ಆತುರದಲ್ಲಿ. ಸಾಮಾನು ನಿಮಗೆ ಬೇಡ, ಒಪ್ಪಿದೆ. ಅದು ನಿಮ್ಮೊಬ್ಬರದಲ್ಲವಲ್ಲ? ವಿಲ್ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಅದು ಸೈಟಿಗೆ ಮಾತ್ರ ಅಂದ್ಕೋಬೇಡಿ, ಅಟ್ಟದ ಹಂಡೆಗೂ ಅದೇ.

ಹೀಗೆ ಮಾಡಿ. ಪ್ರತಿ ವಸ್ತುವಿಗೂ ನಂಬರ್ ಚೀಟಿ ಅಂಟಿಸಿ, ಫೋಟೋ ತೆಗೆದು, ತಂಗಿಗೂ ಚಿಕ್ಕಮ್ಮನಿಗೂ ಕಳಿಸಿ. ಜೊತೆಗೆ ಹದಿನೈದು ದಿನದ ಗಡುವು ಹೇಳಿ. ಗಡುವಿಲ್ಲದಿದ್ದರೆ ಎಲ್ಲರ ಉತ್ತರವೂ ‘ಇರಲಿ ಬಿಡು, ಆಮೇಲೆ ನೋಡೋಣ’. ‘ಇದನ್ನ ಏನು ಮಾಡೋಣ’ ಅಂತ ಕೇಳಲೇಬೇಡಿ, ‘ಹದಿನೇಳನೇ ನಂಬರ್ ನಿಮ್ಮನೆಗೆ ಬೇಕಾ’ ಅಂತ ಕೇಳಿ. ಬೇಕು ಅಂದೋರು ಅದೇ ಗಡುವಿನೊಳಗೆ ತಮ್ಮ ಖರ್ಚಲ್ಲಿ ಆಟೋ ತಂದು ಒಯ್ಯಬೇಕು. ಅಷ್ಟು ಹೇಳಿದರೆ ಅರ್ಧ ಮಮತೆ ಅಲ್ಲೇ ಕರಗುತ್ತೆ, ನಿಮ್ಮದಲ್ಲ, ಅವರದು.

ಎರಡನೇ ಉತ್ತರ, ಕಾಗದದ ಬಗ್ಗೆ:
ಯಾವುದನ್ನು ಮಾರಿದರೂ ಟ್ರಂಕಿನ ಕಾಗದ ಮೊದಲೇ ಹೋಗಬಾರದು. ಕ್ರಯಪತ್ರ, ಖಾತೆ, ಕಂದಾಯ ರಶೀದಿ, ಕೈಬರಹದ ಪಹಣಿ, ಒಡವೆ ಗಿರವಿ ಚೀಟಿ, ಎಲ್‌ಐಸಿ ಬಾಂಡ್, ಪಾಸ್‌ಬುಕ್ ಎಲ್ಲ ಒಂದು ಫೈಲಿಗೆ. ಹಳೆ ಷೇರು ಪತ್ರ ಸಿಕ್ಕರೆ ರದ್ದಿ ಅಂದುಕೊಳ್ಳಬೇಡಿ. 7 ವರ್ಷ ಡಿವಿಡೆಂಡ್ ಕೇಳದಿದ್ದರೆ ಆ ಷೇರುಗಳು ಐಇಪಿಎಫ್ ಅನ್ನೋ ಕೇಂದ್ರ ಸರ್ಕಾರದ ನಿಧಿಗೆ ಹೋಗುತ್ತವೆ, ಅಲ್ಲಿಂದ ವಾರಸುದಾರರು ವಾಪಸ್ ಪಡೆಯಬಹುದು. ಬ್ಯಾಂಕ್ ಠೇವಣಿಗೆ ಆ ಗಡುವು 10 ವರ್ಷ. ಅಪ್ಪ ಅಮ್ಮನ ಹೆಸರು ಹಾಕಿ ಯಾರೂ ಕೇಳದೆ ಉಳಿದ ಠೇವಣಿ ಹುಡುಕೋಕೆ ಇರೋ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಒಮ್ಮೆ ಹುಡುಕಿ. ಪುಸ್ತಕಗಳನ್ನು ಬೆನ್ನು ಹಿಡಿದು ಉಲ್ಟಾ ಮಾಡಿ ಕೊಡವಿ. ಸೀರೆ ಮಡಿಕೆ, ಅಕ್ಕಿ ಡಬ್ಬ, ದೇವರ ಫೋಟೋ ಹಿಂಭಾಗ, ಬೀರು ಡ್ರಾಯರಿನಲ್ಲಿ ಹಾಸಿದ ಪೇಪರಿನ ಕೆಳಗೂ ನೋಡಿ. ಆ ಕಾಲದವರು ದುಡ್ಡು, ಚೀಟಿ ಇಡುತ್ತಿದ್ದದ್ದೇ ಅಲ್ಲಿ.

ಮೂರನೇ ಉತ್ತರ, ಪಾತ್ರೆಯ ಬಗ್ಗೆ:
ಒಂದೇ ದಿನದಲ್ಲಿ ಗುಜರಿಗೆ ಹಾಕಿದರೆ ಹೆಚ್ಚು ನಷ್ಟ ಆಗೋದು ಇಲ್ಲೇ. ತಾಮ್ರ, ಹಿತ್ತಾಳೆ, ಕಂಚು ಎಲ್ಲ ಒಂದೇ ಗೋಣಿಚೀಲಕ್ಕೆ ತುಂಬಿದರೆ ಎಲ್ಲಕ್ಕೂ ಹಿತ್ತಾಳೆ ರೇಟು ಹಾಕ್ತಾರೆ. ಮೂರು ಗುಡ್ಡೆ ಮಾಡಿ. ಕಪ್ಪಾಗಿರೋ ಪಾತ್ರೆಯ ತಳಕ್ಕೆ ಹುಣಸೆಹಣ್ಣು ಹಾಕಿ ಒಂದು ರೂಪಾಯಿಯಗಲ ಉಜ್ಜಿ. ಕೆಂಪು ಕಂಡರೆ ತಾಮ್ರ, ನಿಂಬೆ ಹಳದಿ ಕಂಡರೆ ಹಿತ್ತಾಳೆ, ಬೂದಿ ಬೆರೆತ ಹಳದಿಯಾದರೆ ಕಂಚು. ಒಳಗಿನ ಬಿಳಿ ನೋಡಿ ಮೋಸ ಹೋಗಬೇಡಿ, ಅದು ಕಲಾಯಿ. ಅನುಮಾನವಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನ ತಟ್ಟೆಯ ದನಿ ದೇವಸ್ಥಾನದ ಗಂಟೆ ಹಾಗೆ ಎಳೆಯುತ್ತೆ, ಹಿತ್ತಾಳೆಯದು ಬೇಗ ಸಾಯುತ್ತೆ. ಕಂಚು ತಗ್ಗು ಬೀಳಲ್ಲ, ಬಿದ್ದರೆ ಸೀಳುತ್ತೆ. ಅದರಲ್ಲಿ ಸುಮಾರು ಐದನೇ ಒಂದು ಪಾಲು ತವರ ಇರುತ್ತೆ, ತವರ ತಾಮ್ರಕ್ಕಿಂತಲೂ ದುಬಾರಿ. ಅದಕ್ಕೇ ಬೇರೆ ತೂಗಿಸಿ ಅನ್ನೋದು.

ತೂಗು ಹಾಕೋ ಡಿಜಿಟಲ್ ತಕ್ಕಡಿ ತಂದು ಮನೆಯಲ್ಲೇ ತೂಗಿ, ಬರೆದಿಟ್ಕೊಳ್ಳಿ. ಆಮೇಲೆ ಎರಡು ಮೂರು ಅಂಗಡಿಯಲ್ಲಿ ಕೇಳಿ. ಹಂಡೆಗೆ ಕಬ್ಬಿಣದ ಬಳೆ ಇದ್ದರೆ ಆಯಸ್ಕಾಂತ ಹಿಡಿದು ನೋಡಿ, ಆ ತೂಕ ವಜಾ ಆಗುತ್ತೆ. ದೀಪದ ಕಂಬದ ಪೀಠದೊಳಗೆ ಅರಗೋ ಮರಳೋ ತುಂಬಿರಬಹುದು, ಅದೂ ವಜಾ. ತಳದ ಮಸಿ ತೊಳೆದೇ ಒಯ್ಯಿರಿ, ಇಲ್ಲದಿದ್ದರೆ ಅದಕ್ಕೂ ಅರ್ಧ ಕೇಜಿ ಕಡಿತ.

ಇನ್ನೊಂದು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತೆ. ಯಾರ ತವರಿಂದ ಬಂದಿದ್ದು, ಯಾರ ಮದುವೆಯ ಮುಯ್ಯಿ ಅಂತ ತಿಳಿಯೋದು ಅದರಿಂದಲೇ. ಮಾರೋ ಮೊದಲು ಆ ಚುಕ್ಕಿಗಳ ಮೇಲೆ ಒಣ ವಿಭೂತಿ ತಿಕ್ಕಿ, ಮೇಲಿನ ಪುಡಿ ಬಟ್ಟೆಯಲ್ಲಿ ಒರೆಸಿ. ಅಕ್ಷರದೊಳಗಿನ ಪುಡಿ ಮಾತ್ರ ಉಳಿದು ಬೆಳ್ಳಗೆ ಎದ್ದು ಕಾಣುತ್ತೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಚಿಕ್ಕಮ್ಮನಿಗೆ ಬೇಕಾಗಿರೋದು ಬಹುಶಃ ಆ ಹೆಸರೇ ಹೊರತು ಎಂಟು ಕೇಜಿ ಹಂಡೆಯಲ್ಲ.

ನಾಲ್ಕನೇ ಉತ್ತರ, ಮಂಡ್ಯದಿಂದ:
ಹಿತ್ತಲಲ್ಲಿ ಬೀಸೋ ಕಲ್ಲು, ಒರಳು ಇದ್ರೆ ಅದನ್ನ ಗುಜರಿಯೋನಿಗೆ ತೋರಿಸ್ಬೇಡಿ ಕಣ್ರೀ. ಅವ್ನಿಗೆ ಅದು ಬರೀ ಕಲ್ಲು, ಎತ್ತೋ ಕೂಲಿನೂ ನಿಮ್ಮ ತಲೆಗೇ ಕಟ್ತಾನೆ. ಹೋಂಸ್ಟೇ, ರೆಸಾರ್ಟ್ ಕಟ್ಟೋರು ಕೇಳ್ಕೊಂಡ್ ಬಂದು ಒಯ್ತಾರೆ. ಮೇಲಿನ ಕಲ್ಲು, ಕೆಳಗಿನ ಕಲ್ಲು, ಗೂಟ ಮೂರೂ ಜೊತೆಗಿರ್ಲಿ, ಬಿಡಿ ಕಲ್ಲಿಗೆ ಬೆಲೆ ಇಲ್ಲ.

ಐದನೇ ಉತ್ತರ, ಸೀರೆಯ ಬಗ್ಗೆ:
ಬೀದಿಯಲ್ಲಿ ‘ಹಳೇ ರೇಷ್ಮೆ ಸೀರೆ’ ಅಂತ ಕೂಗ್ಕೊಂಡು ಬರೋರು ಅಂಚು ನೋಡಿ ಒಂದು ಮೊತ್ತ ಹೇಳ್ತಾರೆ. ಅದಕ್ಕೂ ಮೊದಲು ಸೆರಗಿನ ಅಂಚಿಂದ ಒಂದಿಂಚು ಜರಿ ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ರೇಷ್ಮೆ ಉರಿದು ಬೆಳ್ಳನೆ ತಂತಿ ಉಳಿದರೆ ಬೆಳ್ಳಿ, ಕೆಂಪಗೆ ಉಳಿದರೆ ತಾಮ್ರದ ಜರಿ, ಕರಗಿ ಕಪ್ಪು ಉಂಡೆಯಾದರೆ ಪ್ಲಾಸ್ಟಿಕ್. ಚಿನ್ನದ ಜರಿ ಅನ್ನೋ ಹೆಸರಿಗೆ ಮರುಳಾಗಬೇಡಿ. ಕೆಎಸ್‌ಐಸಿ (ರಾಜ್ಯ ಸರ್ಕಾರದ ರೇಷ್ಮೆ ಸಂಸ್ಥೆ) ಮೈಸೂರು ರೇಷ್ಮೆಯ ಜರಿಯಲ್ಲೂ ಬೆಳ್ಳಿ ಶೇಕಡಾ 65, ಚಿನ್ನ ಶೇಕಡಾ 0.65 ಮಾತ್ರ. ಹಣ ಇರೋದು ಬೆಳ್ಳಿಯಲ್ಲಿ.

ಯಾರಿಗಾದರೂ ಉಡೋಕೆ ಕೊಡೋದಾದರೆ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ವರ್ಷಾನುಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟ ಸೀರೆ ಆ ಗೆರೆಯಲ್ಲೇ ಸೀಳುತ್ತೆ, ಉಟ್ಟ ಮೊದಲ ದಿನವೇ. ಅಂಥದ್ದನ್ನ ಕೊಟ್ಟರೆ ಕೊಟ್ಟ ಪುಣ್ಯವೂ ಇಲ್ಲ. ಇಟ್ಟುಕೊಳ್ಳೋರು ಪ್ಲಾಸ್ಟಿಕ್ ಕವರ್ ಬಿಟ್ಟು ಹಳೆ ಪಂಚೆಯಲ್ಲಿ ಸುತ್ತಲಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಲಿ, ನುಸಿಗುಳಿಗೆ ಜರಿಗೆ ತಾಗದಿರಲಿ.

ಆರನೇ ಉತ್ತರ, ಫೋಟೋ ಬಗ್ಗೆ:
ಸ್ಕ್ಯಾನ್ ಮಾಡೋ ಮೊದಲು ಆರಿಸಿ. ಮಂಜು ಮಂಜಾದವು, ಒಂದೇ ಪೋಸಿನ ನಾಲ್ಕು ಪ್ರತಿ, ಬರೀ ಫಾಲ್ಸು, ಗುಡ್ಡ ಇರೋವು ಬೇಡ. 4 × 6 ಇಂಚಿನ ಪ್ರಿಂಟಿಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸಾಕು, 2400 × 3600 ಪಿಕ್ಸೆಲ್ ಬರುತ್ತೆ. ಪಾಸ್‌ಪೋರ್ಟ್ ಅಳತೆಯವಕ್ಕೆ 1200. ಅಂಟು ಹಾಳೆ ಆಲ್ಬಮ್ಮಿಂದ ಉಗುರಲ್ಲಿ ಎಬ್ಬಿಸಿದರೆ ಫೋಟೋ ಹರಿಯುತ್ತೆ, ಹಲ್ಲಿನ ಸಂದಿಗೆ ಬಳಸೋ ಫ್ಲಾಸ್ ದಾರವನ್ನು ಕೆಳಗೆ ತೂರಿಸಿ ಗರಗಸದ ಹಾಗೆ ಎಳೆಯಿರಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ಫೋಟೋದಲ್ಲಿ ಇರೋರು ಯಾರು ಅಂತ ಹೇಳೋಕೆ ಮನೆಯಲ್ಲಿ ಉಳಿದಿರೋರು ಚಿಕ್ಕಮ್ಮ ಒಬ್ಬರೇ ಇರಬಹುದು. ‘ಕಲ್ಲು ಮನಸ್ಸಲ್ಲ ಚಿಕ್ಕಮ್ಮ’ ಅಂತ ವಾದಕ್ಕೆ ಇಳಿಯೋ ಬದಲು ಕಾಫಿ ಕೊಟ್ಟು ಕೂರಿಸಿ, ಒಂದೊಂದೇ ತೋರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಹೆಸರನ್ನು ಹಿಂಭಾಗದಲ್ಲಿ ಮೆತ್ತನೆ ಪೆನ್ಸಿಲ್ಲಿಂದ ಬರೆಯಿರಿ. ಬಾಲ್‌ಪೆನ್ ಒತ್ತಿದ ಗುರುತು ಮುಂಭಾಗಕ್ಕೆ ಮೂಡುತ್ತೆ.

ಏಳನೇ ಉತ್ತರ:
ಎರಡು ವಸ್ತುವಿನಲ್ಲಿ ಎಚ್ಚರ. ಬೀಟೆ ಮರದ ಹಳೆ ಪೆಟ್ಟಿಗೆಯ ಮೇಲಿನ ಬಿಳಿ ಕೆತ್ತನೆ ಆನೆ ದಂತದ್ದಿರಬಹುದು. ಮೈಸೂರಿನ ಹಳೆ ಕುಸುರಿಯಲ್ಲಿ ದಂತ ಮಾಮೂಲಿ, ಪ್ಲಾಸ್ಟಿಕ್ ಬಂದಿದ್ದು ಆಮೇಲೆ. ದಂತ, ಜಿಂಕೆ ಕೊಂಬು, ಹುಲಿ ಉಗುರಿನ ಲಾಕೆಟ್ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬರುತ್ತವೆ, ಮಾರಿದರೆ ಅಪರಾಧ. ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡೋಕೆ ಹೋಗಬೇಡಿ, ವಸ್ತು ಹಾಳಾಗುತ್ತೆ ಅಷ್ಟೆ. ಇನ್ನು ತಾಳೆಗರಿ ಕಟ್ಟು ಸಿಕ್ಕರೆ ಬಿಚ್ಚಬೇಡಿ, ಎಣ್ಣೆ ಹಚ್ಚಬೇಡಿ. ಹಳೆ ಹಸ್ತಪ್ರತಿ ಕಾಪಾಡೋ, 1891ರಲ್ಲಿ ಶುರುವಾದ ಓರಿಯೆಂಟಲ್ ರಿಸರ್ಚ್ ಇನ್ಸ್ಟಿಟ್ಯೂಟ್ ನಿಮ್ಮ ಊರಲ್ಲೇ ಇದೆ, ಅಲ್ಲಿ ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿಗೆ ಬಂದ ಒಂದು ತಾಳೆಗರಿ ಕಟ್ಟಿನಲ್ಲೇ.

ಎಂಟನೇ ಉತ್ತರ, ಬೊಂಬೆ ಮತ್ತು ದೇವರ ಮನೆ:
ಬೊಂಬೆಯಲ್ಲಿ ಪಟ್ಟದ ಜೋಡಿಯನ್ನು, ಅಂದರೆ ರಾಜ ರಾಣಿಯ ಮರದ ಬೊಂಬೆಯನ್ನು, ಬೇರೆ ತೆಗೆದಿಡಿ. ತಾಯಿ ಮಗಳಿಗೆ ಮದುವೆಯಲ್ಲಿ ಕೊಡೋ ರೂಢಿ ಅದು, ಹಾಗಾಗಿ ತಂಗಿಯನ್ನು ಕೇಳದೆ ಯಾರಿಗೂ ಕೊಡಬೇಡಿ. ಮಣ್ಣಿನ ಬೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣ ಕೈಗೆ ಬರುತ್ತೆ. ಒಣ ಬ್ರಷ್ ಸಾಕು. ದೇವರ ಹಳೆ ಪಟಗಳನ್ನು ಅರಳಿಕಟ್ಟೆ ಕೆಳಗೆ ಇಟ್ಟು ಬರೋದು, ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಗೆ ಬಿಡೋದು ಎರಡೂ ಬೇಡ. ಹಿಂದಿನ ಮೊಳೆ ಕಿತ್ತು ಗಾಜು, ಚೌಕಟ್ಟು, ಪ್ಲೈವುಡ್ ಬೇರೆ ಮಾಡಿ. ಪಟದ ಕಾಗದವನ್ನು ರಾತ್ರಿಯೆಲ್ಲ ಬಕೆಟ್ ನೀರಿನಲ್ಲಿ ನೆನೆಸಿ, ಕಿವುಚಿ ತೆಂಗಿನ ಬುಡಕ್ಕೆ ಹಾಕಿ. ಪ್ಲಾಸ್ಟಿಕ್ ಹೊದಿಕೆಯ ಪಟ ನೆನೆಯಲ್ಲ, ಅದು ಒಣಕಸಕ್ಕೆ. ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ಮೇಲೆ ‘ಗಾಜು’ ಅಂತ ದಪ್ಪಕ್ಷರದಲ್ಲಿ ಬರೆದು, ಕಸದ ಗಾಡಿಯವರ ಕೈಗೇ ಕೊಡಿ.